ರಸ್ತೆಬದಿಯ ಭೂಮಾಪಕರಿಗೆ ರಿಫ್ಲೆಕ್ಟರ್ ಜಾಕೆಟ್

ಮೈಸೂರಿನ ಹೆಬ್ಬಾಳ ಕೈಗಾರಿಕಾ ಪ್ರದೇಶದ ರಸ್ತೆಗಳಲ್ಲಿ ಕಾರ್ಖಾನೆಗಳ ಲಾರಿಗಳು, ನೌಕರರ ಬಸ್ಸುಗಳು ಹಾಗೂ ದ್ವಿಚಕ್ರ ವಾಹನಗಳು ಒಟ್ಟಿಗೆ ಸಂಚರಿಸುತ್ತವೆ. ಇಂತಹ ರಸ್ತೆಯ ಅಗಲೀಕರಣಕ್ಕಾಗಲಿ, ಚರಂಡಿ ಕಾಮಗಾರಿಗಾಗಲಿ ಮೊದಲು ಬಂದು ನಿಲ್ಲುವವರು ಭೂಮಾಪಕರು. ಕಾಮಗಾರಿಯ ಬ್ಯಾರಿಕೇಡ್‌ಗಳು ಆ ವೇಳೆಗೆ ಇನ್ನೂ ಬಂದಿರುವುದಿಲ್ಲ. ಟೋಟಲ್ ಸ್ಟೇಷನ್ ಉಪಕರಣದಲ್ಲಿ ಕಣ್ಣಿಟ್ಟವರಿಗೆ ಬೆನ್ನ ಹಿಂದಿನ ವಾಹನ ಕಾಣದು. ಆದ್ದರಿಂದ ಚಾಲಕರಿಗೆ ಅವರು ದೂರದಿಂದಲೇ ಕಾಣಬೇಕಾಗುತ್ತದೆ.

ಗಂಟೆಗೆ 60 ಕಿ.ಮೀ. ವೇಗದ ವಾಹನ ಒಂದು ಸೆಕೆಂಡಿಗೆ ಸುಮಾರು 17 ಮೀಟರ್ ಕ್ರಮಿಸುತ್ತದೆ. ರಸ್ತೆ ವಿನ್ಯಾಸದಲ್ಲಿ ಚಾಲಕರ ಪ್ರತಿಕ್ರಿಯೆಗೆ 2.5 ಸೆಕೆಂಡು ಎಂದು ಎಣಿಸಲಾಗುತ್ತದೆ. ಅಂದರೆ ಬ್ರೇಕ್ ಹಾಕುವ ಮುನ್ನವೇ 42 ಮೀಟರ್ ಕಳೆದಿರುತ್ತದೆ. ವಾಹನ ಪೂರ್ಣವಾಗಿ ನಿಲ್ಲಲು ಸುಮಾರು 80 ಮೀಟರ್ ಬೇಕು.

ಜಾಕೆಟ್‌ನಲ್ಲಿ ಎರಡು ಬಗೆಯ ವಸ್ತುಗಳಿವೆ. ಹೊಳೆಯುವ ಹಳದಿ ಅಥವಾ ಕಿತ್ತಳೆ ಬಟ್ಟೆಯು ಸೂರ್ಯನ ನೇರಳಾತೀತ ಕಿರಣಗಳನ್ನು ಹೀರಿ ಕಣ್ಣಿಗೆ ಕಾಣುವ ಬೆಳಕಾಗಿ ಹೊರಸೂಸುತ್ತದೆ. ಮೋಡ ಕವಿದಾಗ, ಮುಸ್ಸಂಜೆಯಲ್ಲಿ ಇದರ ಪ್ರಯೋಜನ ಹೆಚ್ಚು. ರಾತ್ರಿ ಮಾತ್ರ ಇದು ನಿಷ್ಪ್ರಯೋಜಕ. ರಾತ್ರಿಯಲ್ಲಿ ನೆರವಾಗುವುದು ಬೂದುಬಣ್ಣದ ಪಟ್ಟಿ. ಅದರಲ್ಲಿರುವ ಸೂಕ್ಷ್ಮ ಗಾಜಿನ ಮಣಿಗಳು ಅಥವಾ ಪ್ರಿಸ್ಮ್‌ಗಳು ಹೆಡ್‌ಲೈಟ್ ಬೆಳಕನ್ನು ಬಂದ ದಿಕ್ಕಿಗೇ ಮರಳಿಸುತ್ತವೆ.

ಭಾರತದಲ್ಲಿ ಇಂತಹ ಉಡುಪಿಗೆ ಐಎಸ್ 15809 ಮಾನದಂಡವಿದೆ. 2013ರ ಅಂತರರಾಷ್ಟ್ರೀಯ ಮಾನದಂಡ ಐಎಸ್‌ಒ 20471 ಉಡುಪುಗಳನ್ನು ಮೂರು ದರ್ಜೆಗಳಾಗಿ ವಿಂಗಡಿಸುತ್ತದೆ. ಎರಡನೇ ದರ್ಜೆಗೆ ಕನಿಷ್ಠ 0.50 ಚದರ ಮೀಟರ್ ಹೊಳೆಯುವ ಬಟ್ಟೆ, 0.13 ಚದರ ಮೀಟರ್ ಪಟ್ಟಿ ಇರಬೇಕು. ಅತ್ಯುನ್ನತವಾದ ಮೂರನೇ ದರ್ಜೆಗೆ ಈ ಅಳತೆ ಕ್ರಮವಾಗಿ 0.80 ಮತ್ತು 0.20 ಚದರ ಮೀಟರ್. ಜೊತೆಗೆ ಪಟ್ಟಿಯುಳ್ಳ ತೋಳು ಅಥವಾ ಪೂರ್ಣ ಪ್ಯಾಂಟ್ ಕಡ್ಡಾಯ. ತೋಳಿಲ್ಲದ ಜಾಕೆಟ್ ಒಂದೇ ಈ ದರ್ಜೆಯನ್ನು ಮುಟ್ಟಲಾರದು.

ಬಳಕೆಯ ಕ್ರಮವೂ ಮುಖ್ಯ. ಮುಂಭಾಗ ತೆರೆದಿದ್ದರೆ ಅಥವಾ ಬೆನ್ನಿನ ಚೀಲ ಪಟ್ಟಿಯನ್ನು ಮುಚ್ಚಿದರೆ ಜಾಕೆಟ್ ಧರಿಸಿದ ಉದ್ದೇಶ ಈಡೇರದು. ಬಿಸಿಲಿಗೆ ಬಟ್ಟೆಯ ಬಣ್ಣ ಮಾಸುತ್ತದೆ. ಧೂಳು ಮತ್ತು ಒಗೆತದಿಂದ ಪಟ್ಟಿಯ ಹೊಳಪು ಕುಗ್ಗುತ್ತದೆ. ಮಾಸಿದ ಜಾಕೆಟ್ ಹರಿಯದಿದ್ದರೂ ಬದಲಿಸತಕ್ಕದ್ದು.

ಜಾಕೆಟ್ ಬಡಿತವನ್ನು ತಡೆಯುವುದಿಲ್ಲ, ಚಾಲಕರಿಗೆ ಸಮಯವನ್ನಷ್ಟೇ ಒದಗಿಸುತ್ತದೆ. ರಸ್ತೆ ಕಾಮಗಾರಿ ಸ್ಥಳಗಳ ಸಂಚಾರ ನಿರ್ವಹಣೆಗೆಂದು ಭಾರತೀಯ ರಸ್ತೆ ಕಾಂಗ್ರೆಸ್ 2014ರಲ್ಲಿ ಪರಿಷ್ಕರಿಸಿದ ಮಾರ್ಗಸೂಚಿ ಎಸ್‌ಪಿ 55, ಮುನ್ಸೂಚನಾ ಫಲಕ, ಕೋನ್ ಹಾಗೂ ಬಾವುಟ ಹಿಡಿದ ಸಿಬ್ಬಂದಿಯ ಬಳಕೆಯನ್ನು ವಿವರಿಸುತ್ತದೆ. ಅಳತೆ ಕೆಲಸ ಅರ್ಧ ಗಂಟೆಯದ್ದೇ ಆದರೂ ಈ ವ್ಯವಸ್ಥೆ ಜಾಕೆಟ್‌ನೊಂದಿಗೆ ಇರಬೇಕಾದುದು ಅಗತ್ಯ.