ಇಮ್ಮಡಿ ಯಾವುದರದು? ದಿನಗೂಲಿಯ ಓಟಿ ಲೆಕ್ಕದಲ್ಲಿ ಮೂಲದರದ ಪ್ರಶ್ನೆ
ಕಾರ್ಖಾನೆಯಲ್ಲಿ ಹೆಚ್ಚುವರಿ ದುಡಿಮೆಗೆ (ಓಟಿ) ಇಮ್ಮಡಿ ಕೂಲಿ ಕೊಡಬೇಕೆಂಬ ಬಗ್ಗೆ 1948ರಿಂದಲೂ ಗೊಂದಲವಿಲ್ಲ. ತಕರಾರು ಏಳುವುದು ಆ ಇಮ್ಮಡಿ ಯಾವ ಮೊತ್ತದ್ದು, ಆ ಮೊತ್ತವನ್ನು ಎಷ್ಟು ಗಂಟೆಗಳಿಂದ ಭಾಗಿಸಬೇಕು ಎಂಬಲ್ಲಿ.

ಕಾರ್ಖಾನೆ ಕಾಯ್ದೆಯ 59ನೇ ಕಲಂ ಎರಡು ಗಡಿಗಳನ್ನು ಹಾಕಿತ್ತು: ದಿನಕ್ಕೆ 9 ಗಂಟೆ, ವಾರಕ್ಕೆ 48 ಗಂಟೆ. ಯಾವುದನ್ನು ಮೀರಿದರೂ ಓಟಿ. ಆರೂ ದಿನ ಒಂಬತ್ತೊಂಬತ್ತು ಗಂಟೆ ದುಡಿದವನಿಗೆ ದಿನದ ಲೆಕ್ಕದಲ್ಲಿ ಏನೂ ಹುಟ್ಟುತ್ತಿರಲಿಲ್ಲ, ವಾರದ ಲೆಕ್ಕದಲ್ಲಿ 6 ಗಂಟೆ ಹುಟ್ಟುತ್ತಿತ್ತು. ಎರಡು ದಿನ 10, ಎರಡು ದಿನ 9, ಒಂದು ದಿನ 8 ಗಂಟೆ ದುಡಿದು ಶನಿವಾರ ರಜೆ ಹಾಕಿದವನದು ಒಟ್ಟು 46 ಗಂಟೆ. ವಾರದ ಗಡಿ ಮುಟ್ಟದಿದ್ದರೂ ಅವನಿಗೆ 2 ಗಂಟೆಯ ಓಟಿ ಸಲ್ಲಬೇಕಿತ್ತು. ವಾರದ ಮೊತ್ತವನ್ನಷ್ಟೇ ನೋಡುವ ಹಾಜರಿ ಪುಸ್ತಕದಲ್ಲಿ ಈ ಎರಡು ಗಂಟೆ ಕಾಣುತ್ತಲೇ ಇರಲಿಲ್ಲ.

ಇನ್ನು ದರ. ದಿನಗೂಲಿ 640 ರೂಪಾಯಿ, ಪಾಳಿ 8 ಗಂಟೆಯದಾದರೆ ಗಂಟೆಗೆ 80, ಓಟಿಗೆ 160. ಊಟದ ವಿರಾಮವನ್ನೂ ಸೇರಿಸಿ 9ರಿಂದ ಭಾಗಿಸಿದರೆ ಓಟಿ ದರ 142ಕ್ಕೆ ಕುಸಿಯುತ್ತದೆ. 640ರಲ್ಲಿ 120 ತುಟ್ಟಿಭತ್ಯೆ ಎಂದು ಅದನ್ನು ಕಳೆದರೆ ಓಟಿ ದರ 130ಕ್ಕೆ ಇಳಿಯುತ್ತದೆ. ಈ ಎರಡನೆಯದು ಕಾಯ್ದೆಗೆ ನೇರ ವಿರುದ್ಧವಾಗಿತ್ತು: ‘ಸಾಮಾನ್ಯ ದರ’ವೆಂದರೆ ಮೂಲವೇತನ ಮತ್ತು ಭತ್ಯೆಗಳು; ಬೋನಸ್ಸು, ಓಟಿ ಮಾತ್ರ ಹೊರಗಿದ್ದವು. ಕರ್ನಾಟಕದ 2023ರ ತಿದ್ದುಪಡಿ ಮೂರು ತಿಂಗಳ ಓಟಿ ಮಿತಿಯನ್ನು 75ರಿಂದ 144 ಗಂಟೆಗೆ ಏರಿಸಿತು. ಅಷ್ಟೂ ಗಂಟೆ ದುಡಿದವನಿಗೆ, 160ರ ಬದಲು 130 ಸಿಕ್ಕರೆ, ಗಂಟೆಗೆ 30 ರೂಪಾಯಿಯಂತೆ, 4,320 ರೂಪಾಯಿ ಖೋತಾ. ಮೇಸ್ತ್ರಿಗಳು ‘ಸಿಂಗಲ್ ಓಟಿ’ ಎಂದು ಕೊಡುವ 80ರ ಮಾತು ಬೇರೆಯೇ. ಅದು ಲೆಕ್ಕದ ತಪ್ಪಲ್ಲ, ಉಲ್ಲಂಘನೆ.

ಕಾರ್ಖಾನೆಯ ಹೊರಗಿನ ದುಡಿಮೆಗಾರರ ಪ್ರಶ್ನೆ ಹೆಚ್ಚು ಜಟಿಲ. ಕನಿಷ್ಠ ವೇತನ ಕಾಯ್ದೆಯ 14ನೇ ಕಲಂ, ಗಂಟೆ, ದಿನ ಅಥವಾ ಗೊತ್ತುಪಡಿಸಿದ ಇನ್ನೂ ದೀರ್ಘ ಅವಧಿಯ ಲೆಕ್ಕದಲ್ಲಿ ಕನಿಷ್ಠ ದರ ನಿಗದಿಯಾದವರಿಗೆ ಓಟಿ ಕೊಟ್ಟಿತ್ತು. ನಾಗಪುರದಿಂದ ಬಂದ ಮಾಮರ್ಡೆ ಪ್ರಕರಣದಲ್ಲಿ (1972) ಸುಪ್ರೀಂ ಕೋರ್ಟ್, ಇಮ್ಮಡಿ ಮಾಡಬೇಕಾದ್ದು ಕೈಗೆ ಬರುವ ನಿಜವಾದ ಕೂಲಿಯನ್ನು, ಕನಿಷ್ಠ ದರವನ್ನಲ್ಲ ಎಂದಿತು. ಆದರೆ ಮಧ್ಯಪ್ರದೇಶದ ಹಟ್ಟಾ ಪುರಸಭೆಯ ಪ್ರಕರಣದಲ್ಲಿ (1998) ಅದೇ ನ್ಯಾಯಾಲಯ, ಕನಿಷ್ಠಕ್ಕಿಂತ ಹೆಚ್ಚು ಪಡೆಯುವವರಿಗೆ ಈ ಕಲಂ ಅನ್ವಯಿಸದು ಎಂದು ಹೇಳಿತು. ಎರಡನ್ನೂ ಒಟ್ಟಿಗೆ ಓದಿದರೆ ಇಕ್ಕಟ್ಟು ತಿಳಿಯುತ್ತದೆ. ಕನಿಷ್ಠವನ್ನೇ ಪಡೆಯುವವನಿಗಷ್ಟೇ ಓಟಿ ಸಿಗುವುದಾದರೆ ಅವನ ನಿಜವಾದ ಕೂಲಿಯೂ ಕನಿಷ್ಠ ದರವೂ ಒಂದೇ. ಆಗ ಮಾಮರ್ಡೆ ತೀರ್ಪು ಬಿಡಿಸಿದ ಪ್ರಶ್ನೆಯೇ ಏಳುವುದಿಲ್ಲ. ನನ್ನ ದೃಷ್ಟಿಯಲ್ಲಿ ಮಾಮರ್ಡೆಯ ಓದೇ ಕಲಮಿನ ಪದಗಳಿಗೆ ಹತ್ತಿರ. ಅಲ್ಲಿರುವುದು ದರ ‘ನಿಗದಿಯಾದ’ ನೌಕರ, ಅದನ್ನಷ್ಟೇ ‘ಪಡೆಯುವ’ ನೌಕರನಲ್ಲ. ಹಟ್ಟಾದ ತರ್ಕದಂತೆ, ಮಾಲೀಕ ದಿನಕ್ಕೊಂದು ರೂಪಾಯಿ ಹೆಚ್ಚು ಕೊಟ್ಟರೆ ಸಾಕು, ಈ ಕಲಮಿನಡಿ ಓಟಿಯ ಬಾಧ್ಯತೆ ತಪ್ಪುತ್ತದೆ.

2025ರ ನವೆಂಬರ್ 21ರಂದು ಈ ಹಳೆಯ ಕಾಯ್ದೆಗಳ ಜಾಗದಲ್ಲಿ ಹೊಸ ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದವು. ವೃತ್ತಿ ಸುರಕ್ಷತಾ ಸಂಹಿತೆ ದಿನದ ಗಡಿಯನ್ನು 8 ಗಂಟೆಗೆ ಇಳಿಸಿರುವುದರಿಂದ ವಾರದ ಮೊತ್ತ 48 ಮೀರಿದರಷ್ಟೇ ಓಟಿಯಾಗುತ್ತಿದ್ದ ಒಂಬತ್ತನೇ ಗಂಟೆಯ ಅನಿಶ್ಚಿತತೆ ಬಹುಮಟ್ಟಿಗೆ ನಿವಾರಣೆಯಾಗಿದೆ. ವೇತನ ಸಂಹಿತೆಯೋ ಮನೆಬಾಡಿಗೆಯಂಥ ಭತ್ಯೆಗಳನ್ನು ‘ವೇತನ’ದಿಂದ ಹೊರಗಿಟ್ಟಿದೆ, ಹೊರಗಿಟ್ಟವು ಒಟ್ಟು ಸಂಬಳದ ಅರ್ಧವನ್ನು ಮೀರಿದರೆ ಮೀರಿದ ಭಾಗವನ್ನು ಮಾತ್ರ ಒಳಕ್ಕೆ ತರುತ್ತದೆ. ಅದರ 14ನೇ ಕಲಮೂ ಕನಿಷ್ಠ ದರ ನಿಗದಿಯಾದ ನೌಕರನಿಂದಲೇ ಆರಂಭವಾಗುವುದರಿಂದ ಹಟ್ಟಾದ ವಾದವನ್ನು ಮತ್ತೆ ಎತ್ತಲು ಮಾಲೀಕರಿಗೆ ಅವಕಾಶ ಉಳಿದೇ ಇದೆ.