ಹನ್ನೆರಡು ಇಂಚಿನಿಂದ ಎರಡು ಎಂ.ಬಿ.ವರೆಗೆ

ರಾಯಬಾಗ ತಾಲೂಕಿನ ಚಿಂಚಲಿಯಲ್ಲಿ ಮಾಯಕ್ಕನ ಜಾತ್ರೆ. ಗಾಳಿಯಲ್ಲಿ ಭಂಡಾರ ಹಾರುತ್ತಿದೆ. ನೆಲ, ಮುಖ, ಪಟಗ, ಹೆಗಲ ಮೇಲಿನ ಕಂಬಳಿ ಎಲ್ಲವೂ ಹಳದಿ. ಆ ಒಂದು ಕ್ಷಣವನ್ನು ಕಾಲೇಜು ಹುಡುಗಿಯೊಬ್ಬಳು ತನ್ನ ಮೊಬೈಲಿನಲ್ಲಿ ಹಿಡಿದಿದ್ದಾಳೆ ಎಂದುಕೊಳ್ಳಿ. ಕೆಲವು ತಿಂಗಳ ನಂತರ ಆಗಸ್ಟ್ 19ರ ವಿಶ್ವ ಛಾಯಾಗ್ರಹಣ ದಿನದ ನಿಮಿತ್ತ ಒಂದು ಸ್ಪರ್ಧೆಯ ಪ್ರಕಟಣೆ ಅವಳ ಕಣ್ಣಿಗೆ ಬೀಳುತ್ತದೆ. ಕೆಳಗೆ ನಿಯಮಗಳ ಪಟ್ಟಿ: ಜೆಪೆಗ್ ಫೈಲ್ ಮಾತ್ರ, ಅಗಲ 1920, ಎತ್ತರ 1080 ಪಿಕ್ಸೆಲ್ ಮೀರಬಾರದು, ಫೈಲ್ 2 ಎಂ.ಬಿ. ಒಳಗಿರಬೇಕು, ಬಣ್ಣ ಎಸ್‌ಆರ್‌ಜಿಬಿ, ಚಿತ್ರದ ಮೇಲೆ ಹೆಸರಾಗಲಿ ವಾಟರ್‌ಮಾರ್ಕ್ ಆಗಲಿ ಇರಕೂಡದು, ಕೇಳಿದಾಗ ಮೂಲ ಫೈಲ್ ಒದಗಿಸಬೇಕು.

ಇಂದಿನ ಬಹುತೇಕ ಸ್ಪರ್ಧೆಗಳ ನಿಯಮಗಳು ಹೆಚ್ಚುಕಡಿಮೆ ಹೀಗೇ ಇರುತ್ತವೆ. ಓದಿದವರಿಗೆ ಇದು ತಹಶೀಲ್ದಾರ್ ಕಚೇರಿಯ ಅರ್ಜಿಯಂತೆ ಕಾಣುತ್ತದೆ. ಚಿತ್ರ ಚೆನ್ನಾಗಿದ್ದರೆ ಸಾಲದೇ, ಈ ಅಳತೆ ತೂಕ ಯಾಕೆ ಎಂದು ಅನ್ನಿಸುವುದು ಸಹಜ. ಆದರೆ ಈ ಪಟ್ಟಿಯ ಒಂದೊಂದು ಸಾಲಿಗೂ ಒಂದು ಚರಿತ್ರೆಯಿದೆ. ಕೆಲವು ಸಾಲುಗಳು ಹಳೆಯ ಯಂತ್ರಗಳು ಬಿಟ್ಟುಹೋದ ಗುರುತುಗಳು; ಇನ್ನು ಕೆಲವು ಹಳೆಯ ಜಗಳಗಳು ಬಿಟ್ಟುಹೋದವು.

ಮೊದಲು ಅಳತೆಯನ್ನೇ ನೋಡೋಣ. 1839ರ ಆಗಸ್ಟ್ 19ರಂದು ಪ್ಯಾರಿಸ್ಸಿನಲ್ಲಿ ಡಾಗೆರೊಟೈಪ್ ವಿಧಾನವನ್ನು ಲೋಕಕ್ಕೆ ಬಹಿರಂಗಪಡಿಸಿದರು. ಹದಿನೈದು ವರ್ಷದಲ್ಲಿ, 1854ರಲ್ಲಿ, ಮುಂಬಯಿಯಲ್ಲಿ ಛಾಯಾಗ್ರಹಣ ಸಂಘವೊಂದು ಹುಟ್ಟಿಕೊಂಡಿತು. ಚಿಕ್ಕೋಡಿ, ನಿಪ್ಪಾಣಿ, ಅಥಣಿಗಳ ಈ ಸೀಮೆ 1956ರವರೆಗೂ ಮುಂಬಯಿ ಆಡಳಿತಕ್ಕೇ ಸೇರಿತ್ತು. ಆ ಆಡಳಿತ 1855ರಲ್ಲಿ ಕ್ಯಾಪ್ಟನ್ ಬಿಗ್ಸ್ ಎಂಬ ಸೇನಾಧಿಕಾರಿಯನ್ನು ಬಿಜಾಪುರ, ಬಾದಾಮಿ, ಐಹೊಳೆಗಳ ಕಟ್ಟಡಗಳ ಚಿತ್ರ ತೆಗೆಯಲು ನೇಮಿಸಿತು. ಬಿಗ್ಸ್, ಪಿಗೂ, ನೀಲ್ ಮೊದಲಾದವರ ಚಿತ್ರಗಳನ್ನು ಸೇರಿಸಿ 1866ರಲ್ಲಿ ಲಂಡನ್ನಿನಲ್ಲಿ ಧಾರವಾಡ ಮತ್ತು ಮೈಸೂರು ಪ್ರಾಂತಗಳ ವಾಸ್ತುಶಿಲ್ಪದ ದೊಡ್ಡ ಗ್ರಂಥವೊಂದು ಅಚ್ಚಾಯಿತು. ಆ ಕಾಲದಲ್ಲಿ ನೆಗೆಟಿವನ್ನು ಕಾಗದದ ಮೇಲೆ ಒತ್ತಿಟ್ಟು ಬಿಸಿಲಿಗೆ ಹಿಡಿದು ಚಿತ್ರ ಇಳಿಸುತ್ತಿದ್ದರು. ನೆಗೆಟಿವ್ ಎಷ್ಟು ದೊಡ್ಡದೋ ಚಿತ್ರವೂ ಅಷ್ಟೇ ದೊಡ್ಡದು. ದೊಡ್ಡ ಚಿತ್ರ ಬೇಕೆಂದರೆ ದೊಡ್ಡ ಕ್ಯಾಮೆರಾವನ್ನೇ ಹೊತ್ತು ತರಬೇಕು. ಅಳತೆಯ ಬಗ್ಗೆ ಬೇರೆ ನಿಯಮವೇ ಬೇಕಿರಲಿಲ್ಲ.

ಚಿತ್ರವನ್ನು ಹಿಗ್ಗಿಸುವ ಎನ್‌ಲಾರ್ಜರ್ ಬಳಕೆಗೆ ಬಂದ ಮೇಲೆ ಅಳತೆ ಛಾಯಾಗ್ರಾಹಕನ ಇಚ್ಛೆಗೆ ಬಿಟ್ಟಿದ್ದಾಯಿತು. ಆಗಲೇ ನಿಯಮ ಬೇಕಾದದ್ದು. ಇಪ್ಪತ್ತನೆಯ ಶತಮಾನದಲ್ಲಿ ಛಾಯಾಚಿತ್ರಗಳ ಸ್ಪರ್ಧಾ ಪ್ರದರ್ಶನಗಳು 'ಸಲೋನ್' ಎಂಬ ಹೆಸರಿನಲ್ಲಿ ಊರೂರಿಗೆ ಹಬ್ಬಿದವು. 1950ರಲ್ಲಿ ಯುರೋಪಿನಲ್ಲಿ ಫಿಯಾಪ್ ಎಂಬ ಅಂತರರಾಷ್ಟ್ರೀಯ ಒಕ್ಕೂಟ ಸ್ಥಾಪನೆಯಾಯಿತು. ಭಾರತದ ಸಲೋನ್‌ಗಳಲ್ಲಿ 12 ಇಂಚು ಅಗಲ, 15 ಇಂಚು ಉದ್ದದ ಪ್ರಿಂಟ್ ವಾಡಿಕೆಯಾಯಿತು. ಬೆಂಗಳೂರಿನ ಇ. ಹನುಮಂತರಾವ್, ಟಿ.ಎನ್.ಎ. ಪೆರುಮಾಳ್, ಸಂಡೂರಿನ ಎಂ.ವೈ. ಘೋರ್ಪಡೆ ಅವರಂಥವರು ಕರ್ನಾಟಕದ ಕಾಡುಗಳನ್ನು ಜಗತ್ತಿನ ಸಲೋನ್‌ಗಳಿಗೆ ಮುಟ್ಟಿಸಿದ್ದು ಇಂಥ ಕಪ್ಪು ಬಿಳುಪು ಪ್ರಿಂಟುಗಳ ಮೂಲಕ. 1971ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಯೂತ್ ಫೋಟೋಗ್ರಾಫಿಕ್ ಸೊಸೈಟಿ ಮುಂದೆ ಈ ಹವ್ಯಾಸದ ದೊಡ್ಡ ಕೇಂದ್ರವಾಯಿತು.

ಆ ದಿನಗಳಲ್ಲಿ ಅಥಣಿಯಿಂದಲೋ ನಿಪ್ಪಾಣಿಯಿಂದಲೋ ಒಬ್ಬರು ಸ್ಪರ್ಧೆಗೆ ಚಿತ್ರ ಕಳಿಸಬೇಕೆಂದರೆ ಏನೇನು ಮಾಡಬೇಕಿತ್ತು? ಡಾರ್ಕ್‌ರೂಮಿನ ಕೆಂಪು ದೀಪದಲ್ಲಿ ಪ್ರಿಂಟ್ ಮಾಡಬೇಕು. ಧೂಳಿನಿಂದಾದ ಬಿಳಿ ಚುಕ್ಕೆಗಳನ್ನು ಸಣ್ಣ ಕುಂಚದಿಂದ ತುಂಬಬೇಕು. ಹಿಂಬದಿಗೆ ಹೆಸರು, ವಿಳಾಸ, ಶೀರ್ಷಿಕೆ, ಕ್ರಮಸಂಖ್ಯೆಯ ಚೀಟಿ ಅಂಟಿಸಬೇಕು. ಎರಡು ರಟ್ಟಿನ ನಡುವೆ ಮಡಚದಂತೆ ಕಟ್ಟಿ, ಪ್ರವೇಶಶುಲ್ಕದ ಜೊತೆ ಚಿತ್ರ ವಾಪಸ್ ಬರುವ ಅಂಚೆವೆಚ್ಚವನ್ನೂ ಸೇರಿಸಿ ಕಳಿಸಬೇಕು. ಹೆಸರು ಹಿಂಬದಿಗೇ ಇರಬೇಕು, ಮುಂದೆ ಇರಬಾರದು. ತೀರ್ಪುಗಾರರು ಚಿತ್ರವನ್ನು ನೋಡಬೇಕೇ ಹೊರತು ಅದನ್ನು ತೆಗೆದವರು ಯಾರೆಂದು ನೋಡಬಾರದು. ಇವತ್ತು 'ವಾಟರ್‌ಮಾರ್ಕ್ ಬೇಡ' ಎನ್ನುವ ಸಾಲು ಅದೇ ಹಳೆಯ ಚೀಟಿಯ ಮೊಮ್ಮಗ.

ಬಣ್ಣದ ಸ್ಲೈಡುಗಳ ಕಾಲದಲ್ಲಿ ನಿಯಮ ಇನ್ನಷ್ಟು ಬಿಗಿಯಾಯಿತು. 5 ಸೆಂಟಿಮೀಟರ್ ಚೌಕದ ಚೌಕಟ್ಟು. ಸರಿಯಾಗಿ ಹಿಡಿದು ನೋಡಿದಾಗ ಎಡ ಕೆಳಮೂಲೆಗೆ ಬರುವಂತೆ ಒಂದು ಚುಕ್ಕೆ. ಪ್ರೊಜೆಕ್ಟರಿನಲ್ಲಿ ಸ್ಲೈಡನ್ನು ತಲೆಕೆಳಗಾಗಿ ಇಡಬೇಕು. ಕತ್ತಲಲ್ಲಿ ನೂರಾರು ಸ್ಲೈಡ್ ಜೋಡಿಸುವವನ ಹೆಬ್ಬೆರಳು ಆ ಚುಕ್ಕೆಯ ಮೇಲೆ ಬಂದರೆ ಚಿತ್ರ ನೆಟ್ಟಗಿದೆ ಎಂದರ್ಥ. ಡಿಜಿಟಲ್ ಪ್ರೊಜೆಕ್ಟರ್ ಬಂದಾಗ ಆ ಚೌಕಟ್ಟಿನ ಜಾಗವನ್ನು ಪಿಕ್ಸೆಲ್ ಹಿಡಿಯಿತು. ಮೊದಲು 1024ಕ್ಕೆ 768 ಎಂದರು, ಏಕೆಂದರೆ ಆ ಕಾಲದ ಪ್ರೊಜೆಕ್ಟರುಗಳು ತೋರಿಸುತ್ತಿದ್ದದ್ದು ಅಷ್ಟೇ. ಈಗಿನ 1920, 1080 ಎನ್ನುವುದು ಫುಲ್ ಎಚ್‌ಡಿ ಪರದೆಯ ಅಳತೆ. ನಿಯಮ ಮಾಡಿದವರ ಕಣ್ಣಮುಂದೆ ಇದ್ದದ್ದು ತೀರ್ಪಿನ ಕೋಣೆಯ ಪರದೆ.

ಇದು ಅರ್ಥವಾದರೆ ಲೆಕ್ಕ ಸುಲಭ. ನಮ್ಮ ಹುಡುಗಿಯ ಮೊಬೈಲ್ ಚಿತ್ರ 4000 ಅಗಲ, 3000 ಎತ್ತರ ಇದೆ ಎನ್ನಿ. ಅಗಲವನ್ನು 1920ಕ್ಕೆ ಇಳಿಸಿದರೆ ಎತ್ತರ 1440 ಆಗುತ್ತದೆ, ನಿಯಮ ಮೀರುತ್ತದೆ. ಆದ್ದರಿಂದ ಎತ್ತರವನ್ನು 1080ಕ್ಕೆ ಇಳಿಸಬೇಕು, ಆಗ ಅಗಲ ತಾನಾಗಿಯೇ 1440ಕ್ಕೆ ಬರುತ್ತದೆ. ಅದೇ ಚಿತ್ರವನ್ನು ನಿಲುವಾಗಿ ತೆಗೆದಿದ್ದರೆ 810ಕ್ಕೆ 1080. ಎರಡೂ ಬದಿಯನ್ನು ಎಳೆದು 1920ಕ್ಕೆ 1080 ಮಾಡಹೋದರೆ ಪೂಜಾರಿಯ ಮುಖ ಅಗಲವಾಗುತ್ತದೆ. ಚಿತ್ರವನ್ನು ಕತ್ತರಿಸಿ ಚೌಕಟ್ಟಿಗೆ ಹೊಂದಿಸಬಹುದು, ಹಿಗ್ಗಿಸಿ ಹೊಂದಿಸಬಾರದು.

ಕೆಲವು ಪ್ರಕಟಣೆಗಳಲ್ಲಿ '300 ಡಿಪಿಐ' ಎಂಬ ಮಾತು ಸೇರಿರುತ್ತದೆ. ಇದು ಅಚ್ಚಿನ ಮನೆಯಿಂದ ಬಂದ ನೆಂಟ. ಕಾಗದದ ಒಂದು ಇಂಚಿನಲ್ಲಿ ಎಷ್ಟು ಚುಕ್ಕೆ ಎಂಬುದು ಅದರ ಅರ್ಥ. ಪರದೆಯ ಮೇಲೆ ತೋರಿಸುವ 1440 ಪಿಕ್ಸೆಲ್ಲಿನ ಚಿತ್ರಕ್ಕೆ 72 ಎಂದು ಬರೆದರೂ 300 ಎಂದು ಬರೆದರೂ ಒಂದು ಪಿಕ್ಸೆಲ್ ಕೂಡ ಹೆಚ್ಚುಕಡಿಮೆ ಆಗುವುದಿಲ್ಲ. ಪ್ರಿಂಟ್ ಕೇಳಿದಾಗ ಮಾತ್ರ ಅದಕ್ಕೆ ಬೆಲೆ: ಹಳೆಯ 12ಕ್ಕೆ 15 ಇಂಚಿನ ಪ್ರಿಂಟನ್ನು 300 ಡಿಪಿಐನಲ್ಲಿ ತೆಗೆಯಲು 3600ಕ್ಕೆ 4500 ಪಿಕ್ಸೆಲ್ ಬೇಕು.

ಇನ್ನು ಎರಡು ಎಂ.ಬಿ. ಜೆಪೆಗ್ ಎಂಬುದು 1992ರಲ್ಲಿ ಒಪ್ಪಿಗೆ ಪಡೆದ ಮಾನದಂಡ. ಅದನ್ನು ರೂಪಿಸಿದ ತಜ್ಞರ ಸಮಿತಿಯ ಹೆಸರೇ ಅದಕ್ಕೆ ಉಳಿಯಿತು. ಅದು ಚಿತ್ರವನ್ನು ಎಂಟಕ್ಕೆ ಎಂಟು ಪಿಕ್ಸೆಲ್ಲಿನ ಸಣ್ಣ ಚೌಕಗಳಾಗಿ ಒಡೆದು, ಕಣ್ಣು ಅಷ್ಟಾಗಿ ಗಮನಿಸದ ವಿವರಗಳನ್ನು ಬಿಟ್ಟುಕೊಟ್ಟು ಫೈಲನ್ನು ಹಗುರ ಮಾಡುತ್ತದೆ. ಬಿಟ್ಟುಕೊಟ್ಟದ್ದು ಮರಳಿ ಬಾರದು. ತಿದ್ದಿ ಉಳಿಸಿದಷ್ಟು ಸಲ ಮತ್ತಷ್ಟು ಹೋಗುತ್ತದೆ. ಆದ್ದರಿಂದ ತಿದ್ದುವ ಕೆಲಸವೆಲ್ಲ ಮುಗಿದ ಮೇಲೆ ಒಂದೇ ಸಲ ಜೆಪೆಗ್ ಮಾಡಬೇಕು. ಎಸ್‌ಆರ್‌ಜಿಬಿ 1996ರಲ್ಲಿ ಎರಡು ಕಂಪ್ಯೂಟರ್ ಕಂಪನಿಗಳು ಪರದೆಗಳಿಗೆಂದು ಮುಂದಿಟ್ಟ ಬಣ್ಣದ ಒಪ್ಪಂದ. ಕ್ಯಾಮೆರಾ ಬೇರೆ ಒಪ್ಪಂದದಲ್ಲಿ ಬಣ್ಣ ಬರೆದಿದ್ದು ಪ್ರೊಜೆಕ್ಟರ್ ಅದನ್ನು ಅರಿಯದಿದ್ದರೆ ಚಿಂಚಲಿಯ ಭಂಡಾರ ತೀರ್ಪುಗಾರರ ಮುಂದೆ ಮಾಸಿದ ಹಳದಿಯಾಗಿ ಕಾಣುತ್ತದೆ. ಹಾಗೆಂದು ಬಣ್ಣದ ಗುಂಡಿಯನ್ನು ಪೂರ್ತಿ ತಿರುವಿದರೆ ಪುಡಿಯ ಕಣಕಣ ಅಳಿದು ಹಳದಿ ಬಟ್ಟೆ ಹೊದಿಸಿದಂತಾಗುತ್ತದೆ.

ಇಲ್ಲಿಯವರೆಗಿನದು ಯಂತ್ರಗಳ ಕತೆ. ಪಟ್ಟಿಯ ಕೊನೆಯ ಸಾಲು, 'ಮೂಲ ಫೈಲ್ ಒದಗಿಸಬೇಕು' ಎಂಬುದು, ಬೇರೆ ಜಾತಿಯದು. ಅದು ನಂಬಿಕೆಯ ಕತೆ.

ತಿದ್ದುವಿಕೆ ಕಂಪ್ಯೂಟರ್ ತಂದ ಪಿಡುಗು ಎಂದು ನಾವು ಅಂದುಕೊಳ್ಳುತ್ತೇವೆ. 1850ರ ದಶಕದ ಪ್ಲೇಟುಗಳು ನೀಲಿಗೆ ಹೆಚ್ಚು ಸ್ಪಂದಿಸುತ್ತಿದ್ದವು. ನೆಲ ಸರಿಯಾಗಿ ಬಂದರೆ ಆಕಾಶ ಬಿಳಿ ಹಾಳೆಯಾಗುತ್ತಿತ್ತು. ಫ್ರಾನ್ಸಿನ ಗುಸ್ತಾವ್ ಲೆ ಗ್ರೇ ಸಮುದ್ರಕ್ಕೊಂದು, ಮೋಡಕ್ಕೊಂದು ಎಂದು ಎರಡು ನೆಗೆಟಿವ್ ಸೇರಿಸಿದ. 1858ರಲ್ಲಿ ಇಂಗ್ಲೆಂಡಿನ ಹೆನ್ರಿ ಪೀಚ್ ರಾಬಿನ್ಸನ್ ಐದು ನೆಗೆಟಿವ್ ಜೋಡಿಸಿ, ಕ್ಷಯದಿಂದ ಸಾಯುತ್ತಿರುವ ಹುಡುಗಿಯ ಚಿತ್ರ ರಚಿಸಿದ. ಮರಣಶಯ್ಯೆಯೊಳಗೆ ಕ್ಯಾಮೆರಾ ನುಗ್ಗಿಸಿದನೆಂದು ಕೆಲವರು ಸಿಟ್ಟಾದರು. ಅದು ನಟನೆ ಎಂದು ತಿಳಿದು ಇನ್ನು ಕೆಲವರು ಮೋಸಹೋದೆವೆಂದು ಸಿಟ್ಟಾದರು. ಕಲೆಯೋ ದಾಖಲೆಯೋ ಎಂಬ ಜಗಳ ಆಗಲೇ ಶುರುವಾಗಿತ್ತು.

ಆ ಜಗಳಕ್ಕೆ ಸ್ಪರ್ಧೆಗಳು ಕಂಡುಕೊಂಡ ದಾರಿ ವಿಭಾಗಗಳನ್ನು ಬೇರ್ಪಡಿಸುವುದು. ಮುಕ್ತ ವಿಭಾಗದಲ್ಲಿ ಹೆಚ್ಚು ಸ್ವಾತಂತ್ರ್ಯ. ನಿಸರ್ಗ ಮತ್ತು ಪತ್ರಿಕಾ ವಿಭಾಗಗಳಲ್ಲಿ ಕಟ್ಟುನಿಟ್ಟು. 2014ರಲ್ಲಿ ಅಮೆರಿಕದ ಪಿಎಸ್‌ಎ, ಫಿಯಾಪ್ ಮತ್ತು ಬ್ರಿಟನ್ನಿನ ರಾಯಲ್ ಫೋಟೋಗ್ರಾಫಿಕ್ ಸೊಸೈಟಿ ಕೂಡಿ ನಿಸರ್ಗ ಚಿತ್ರಕ್ಕೆ ಒಂದೇ ವ್ಯಾಖ್ಯೆ ಒಪ್ಪಿಕೊಂಡವು: ಅಂಚು ಕತ್ತರಿಸುವುದರ ಹೊರತು ಚಿತ್ರದೊಳಗಿನ ಯಾವುದನ್ನೂ ಸೇರಿಸುವಂತಿಲ್ಲ, ಸರಿಸುವಂತಿಲ್ಲ, ಅಳಿಸುವಂತಿಲ್ಲ. ವರ್ಲ್ಡ್ ಪ್ರೆಸ್ ಫೋಟೊ ಸ್ಪರ್ಧೆ 2010ರಲ್ಲಿ ಬಹುಮಾನಿತ ಚಿತ್ರವೊಂದನ್ನು ರದ್ದು ಮಾಡಿತು. ಮೂಲ ಫೈಲಿನ ಜೊತೆ ಹೋಲಿಸಿದಾಗ ಹಿನ್ನೆಲೆಯಲ್ಲಿದ್ದ ಪಾದದ ತುಣುಕೊಂದನ್ನು ಅಳಿಸಿದ್ದು ಗೊತ್ತಾಗಿತ್ತು. 2015ರಲ್ಲಿ ಅದೇ ಸ್ಪರ್ಧೆಯ ಕೊನೆಯ ಸುತ್ತಿಗೆ ಮುಂಚಿನ ಹಂತಕ್ಕೆ ಬಂದ ಚಿತ್ರಗಳಲ್ಲಿ ಶೇಕಡಾ 20ರಷ್ಟು ಇಂಥ ಕಾರಣಕ್ಕೆ ಹೊರಬಿದ್ದವು. 2023ರಲ್ಲಿ ಜರ್ಮನಿಯ ಬೋರಿಸ್ ಎಲ್ಡಾಗ್ಸೆನ್ ಸೋನಿ ಸ್ಪರ್ಧೆಯ ಒಂದು ವಿಭಾಗದಲ್ಲಿ ಗೆದ್ದು, ಇದು ಕೃತಕ ಬುದ್ಧಿಮತ್ತೆ ರಚಿಸಿದ ಚಿತ್ರ, ಬಹುಮಾನ ಬೇಡ ಎಂದರು.

ಇದನ್ನು ನಮ್ಮ ಊರಿಗೆ ತಂದು ನೋಡಿ. ಅಥಣಿಯಲ್ಲಿ ಕೊಲ್ಹಾಪುರಿ ಚಪ್ಪಲಿ ಹೊಲಿಯುವ ಕುಶಲಕರ್ಮಿಯ ಚಿತ್ರ ತೆಗೆದಿದ್ದೀರಿ. 2019ರಲ್ಲಿ ಆ ಚಪ್ಪಲಿಗೆ ಸಿಕ್ಕ ಭೌಗೋಳಿಕ ಗುರುತು ಮಹಾರಾಷ್ಟ್ರದ ನಾಲ್ಕು ಜಿಲ್ಲೆಗಳ ಜೊತೆ ಬೆಳಗಾವಿಯೂ ಸೇರಿ ಕರ್ನಾಟಕದ ನಾಲ್ಕು ಜಿಲ್ಲೆಗಳಿಗೂ ಸಲ್ಲುತ್ತದೆ. ಅವರ ಪಕ್ಕದಲ್ಲಿ ಪ್ಲಾಸ್ಟಿಕ್ ನೀರಿನ ಬಾಟಲಿ, ಹಿಂದೆ ಜೋತಾಡುವ ವೈರು. ಮೊಬೈಲಿನಲ್ಲಿ ಬೆರಳಾಡಿಸಿದರೆ ಎರಡೂ ಮಾಯ. ಚಿತ್ರ ಅಂದವಾಗುತ್ತದೆ, ಆದರೆ ಆ ಮನುಷ್ಯ ಯಾವ ಕಾಲದವನೆಂಬುದೇ ಅಳಿಸಿಹೋಗುತ್ತದೆ. ಮುಕ್ತ ವಿಭಾಗದ ನಿಯಮ ಒಪ್ಪಿದರೆ ಹಾಗೆ ಮಾಡಬಹುದು. ದಾಖಲೆ ಎಂದು ಕಳಿಸುವುದಾದರೆ ಬಾಟಲಿ ಅಲ್ಲೇ ಇರಲಿ.

ಮೂಲ ಫೈಲಿನ ಬೆಲೆ ಸ್ಪರ್ಧೆ ಮುಗಿದರೂ ಮುಗಿಯುವುದಿಲ್ಲ. 2019ರ ಆಗಸ್ಟಿನಲ್ಲಿ ಕೃಷ್ಣೆ ಉಕ್ಕಿ ಚಿಕ್ಕೋಡಿ, ರಾಯಬಾಗ, ಅಥಣಿ, ಕಾಗವಾಡದ ದಂಡೆಯ ಊರುಗಳು ಮುಳುಗಿದಾಗ ಕೈಯಲ್ಲಿ ಮೊಬೈಲ್ ಇದ್ದವರೆಲ್ಲ ಚಿತ್ರ ತೆಗೆದರು. ನನಗೆ ಬಂದವೂ ಬಹಳ. ಎಲ್ಲವೂ ವಾಟ್ಸ್ಆ್ಯಪ್‌ನಲ್ಲಿ ಕೈಯಿಂದ ಕೈಗೆ ದಾಟಿ ಸವೆದವು. ಫೋಟೊ ಎಂದು ಕಳಿಸಿದಾಗ ಆ ಆ್ಯಪ್ ಅಳತೆಯನ್ನು ಕುಗ್ಗಿಸುತ್ತದೆ. ತೆಗೆದ ದಿನ, ಹೊತ್ತು, ಜಾಗ ಹೇಳುವ ಎಕ್ಸಿಫ್ ಮಾಹಿತಿಯನ್ನೂ ಕಳಚುತ್ತದೆ. ಡಾಕ್ಯುಮೆಂಟ್ ಎಂದು ಕಳಿಸಿದರೆ ಫೈಲ್ ಇದ್ದಂತೆಯೇ ತಲುಪುತ್ತದೆ. ಈಗ ಆ ಚಿತ್ರಗಳಲ್ಲಿ ಕಾಣುವ ಮುಳುಗಿದ ಗುಡಿ ಯಾವ ಊರಿನದು, ಯಾವ ದಿನದ ನೀರು ಎಂದು ಕೇಳಿದರೆ ನನ್ನಲ್ಲಿ ಉತ್ತರವಿಲ್ಲ. 1866ರ ಗ್ರಂಥದ ಚಿತ್ರಕ್ಕೆ ಊರು, ಗುಡಿಯ ಹೆಸರಿದೆ. ನನ್ನ ಫೋನಿನಲ್ಲಿರುವ ನಮ್ಮದೇ ಹೊಳೆಯ ಚಿತ್ರಕ್ಕೆ ಇಲ್ಲ.

ಅದಕ್ಕೇ ಆ ಹುಡುಗಿಗೆ ನಾನು ಹೇಳುವುದಿಷ್ಟು. ಮೊದಲು ಮೂಲ ಫೈಲನ್ನು ಮುಟ್ಟದೆ ಬೇರೆ ಕಡೆ ಎರಡು ಪ್ರತಿ ಇಡು. ಊರು, ದಿನ, ಚಿತ್ರದಲ್ಲಿರುವವರ ಹೆಸರು ಬರೆದಿಡು. ಅವರನ್ನು ಕೇಳಿ ತೆಗೆದೆಯಾ ಎಂಬುದನ್ನೂ ಬರೆ. ಆಮೇಲೆ ಒಂದು ನಕಲು ಮಾಡಿ, ಆ ನಕಲನ್ನು ಕತ್ತರಿಸು, ತಿದ್ದು, 1080ಕ್ಕೆ ಇಳಿಸು, ಎರಡು ಎಂ.ಬಿ. ಒಳಗೆ ಉಳಿಸಿ ಕಳಿಸು. ಬಹುಮಾನ ಬಂದರೆ ಸಂತೋಷ. ಬಾರದಿದ್ದರೂ ಚಿಂಚಲಿಯ ಒಂದು ಜಾತ್ರೆಯ ಒಂದು ಗಳಿಗೆ, ತನ್ನ ಊರು ದಿನಾಂಕಗಳ ಸಮೇತ, ಒಂದು ಕಡೆ ಭದ್ರವಾಗಿ ಉಳಿದಿರುತ್ತದೆ.