ಶಿಕಾಗೋದ ಆ ಕೋಚ್ ಹುದ್ದೆ

ಕಾಲೇಜಿನಲ್ಲಿ ದೈಹಿಕ ಶಿಕ್ಷಣ ನಿರ್ದೇಶಕನಾಗಿ ದುಡಿದು ನಿವೃತ್ತನಾದ ನನಗೆ ಅಮೆರಿಕದ ಕಾಲೇಜು ಫುಟ್‌ಬಾಲಿನ ಚರಿತ್ರೆಯಲ್ಲಿ ಒಂದು ನೇಮಕಾತಿ ಬಹಳ ಮುಖ್ಯವೆನಿಸುತ್ತದೆ. 1892ರಲ್ಲಿ ಹೊಸದಾಗಿ ಬಾಗಿಲು ತೆರೆದ ಶಿಕಾಗೋ ವಿಶ್ವವಿದ್ಯಾಲಯದ ಅಧ್ಯಕ್ಷ ವಿಲಿಯಂ ರೇನಿ ಹಾರ್ಪರ್, ಯೇಲ್‌ನಲ್ಲಿ ತಮ್ಮ ಶಿಷ್ಯರಾಗಿದ್ದ ಅಮೋಸ್ ಅಲೊಂಜೊ ಸ್ಟ್ಯಾಗ್ ಅವರನ್ನು ತರಬೇತುದಾರರಾಗಿ ಕರೆಸಿಕೊಂಡರು. ವರ್ಷಕ್ಕೆ 2,500 ಡಾಲರ್ ಸಂಬಳ. ಸಂಬಳಕ್ಕಿಂತ ದೊಡ್ಡದು ಸಹ ಪ್ರಾಧ್ಯಾಪಕನ ಸ್ಥಾನ ಮತ್ತು ಕಾಯಂ ನೌಕರಿ.

ಆಗ ಎಷ್ಟೋ ತಂಡಗಳನ್ನು ಹಳೆಯ ಆಟಗಾರರು ಒಂದೆರಡು ವರ್ಷ ನೋಡಿಕೊಂಡು ಹೊರಟುಬಿಡುತ್ತಿದ್ದರು. ಸೋತ ವರ್ಷವೂ ಅನ್ನಕ್ಕೆ ಕುತ್ತಿಲ್ಲ, ಉಳಿದ ಅಧ್ಯಾಪಕರ ಸಾಲಿನಲ್ಲೇ ಕುರ್ಚಿ ಎಂಬ ಭರವಸೆ ಸಿಕ್ಕ ಸ್ಟ್ಯಾಗ್ 41 ಋತುಗಳ ಕಾಲ ಅಲ್ಲೇ ನಿಂತರು. 1905ರಲ್ಲಿ ಅವರ ಹುಡುಗರು 56 ಪಂದ್ಯಗಳಲ್ಲಿ ಸೋಲು ಕಾಣದಿದ್ದ ಮಿಷಿಗನ್ ತಂಡವನ್ನು 2–0ಯಿಂದ ಮಣಿಸಿದರು.

ಎಪ್ಪತ್ತು ತುಂಬಿದಾಗ ವಿಶ್ವವಿದ್ಯಾಲಯ ಅವರಿಗೆ ನಿವೃತ್ತಿ ಕೊಟ್ಟಿತು. ಅವರು ಕ್ಯಾಲಿಫೋರ್ನಿಯಾಕ್ಕೆ ಹೋಗಿ ಇನ್ನೊಂದು ಕಾಲೇಜಿನಲ್ಲಿ 1946ರವರೆಗೂ ತರಬೇತಿ ಕೊಟ್ಟರು. ಶಿಕಾಗೋ 1939ರಲ್ಲಿ ಫುಟ್‌ಬಾಲನ್ನೇ ಕೈಬಿಟ್ಟಿತು.

ಈಗಿನ ನೇಮಕಾತಿಗಳ ರೀತಿಯೇ ಬೇರೆ. 2007ರಲ್ಲಿ ಅಲಬಾಮಾ ವಿಶ್ವವಿದ್ಯಾಲಯವು ತರಬೇತುದಾರ ನಿಕ್ ಸೇಬನ್ ಅವರಿಗೆ ಎಂಟು ವರ್ಷಕ್ಕೆ ಸುಮಾರು 3.2 ಕೋಟಿ ಡಾಲರ್ ಕೊಟ್ಟು ವೃತ್ತಿಪರ ಲೀಗಿನಿಂದ ಕರೆತಂದಿತು. ಇಂದು ಇಂಥ ಹುದ್ದೆಯ ಅಭ್ಯರ್ಥಿ ನೋಡುವುದು ಹಣ, ಕ್ರೀಡಾಂಗಣ, ಹಳೆಯ ವಿದ್ಯಾರ್ಥಿಗಳ ದೇಣಿಗೆ, ಸುತ್ತಮುತ್ತ ಸಿಗುವ ಪ್ರತಿಭಾವಂತ ಹುಡುಗರು. ಇವೆಲ್ಲ ಬೇಕು, ನಿಜ. ಆದರೆ ತರಬೇತುದಾರನನ್ನು ಗುರುವೆಂದು ಒಪ್ಪಿ, ತಂಡ ಕಟ್ಟಲು ಕಾಲ ಕೊಡುವ ಕಾಲೇಜಿನ ಹುದ್ದೆಯೇ ಅತ್ಯುತ್ತಮ ಹುದ್ದೆ. ನಮ್ಮ ಕಾಲೇಜುಗಳ ಆಡಳಿತ ಮಂಡಳಿಗಳೂ ಇದನ್ನು ಮನಗಾಣಬೇಕು.